ಮೂಗಿನಿಂದ ಬಂದ ಹಾಲು

"ಡಾಕ್ಟರ್‌ಗಾರೂ, ಕೊಂಚಂ ಚೂಡಂಡಿ... ಪ್ಲೀಸ್!"

ಸ್ವಲ್ಪ ನೋಡಿ ಎಂದು ತೆಲುಗಿನಲ್ಲಿ ಕೂಗುತ್ತಾ, ಹೈದರಾಬಾದಿನ ತಾರ್ನಾಕದ ಪ್ರಾಣಿಗಳ ದವಾಖಾನೆಯ ಬಾಗಿಲು ತಳ್ಳಿಕೊಂಡು ನೀಲಾ ಒಳನುಗ್ಗಿದಳು. ಅವಳ ದುಪಟ್ಟಾದಲ್ಲಿ ಆರು ದಿನದ ನಾಯಿಮರಿ. ಅದರ ಪುಟ್ಟ ಮೂಗಿನಿಂದ ಹಾಲು ಇಳಿಯುತ್ತಿತ್ತು!

"ಯವ್ವಾ... ಉಸಿರು ಸಿಗವಲ್ದು ಇದಕ್ಕ..." ಎಂದು ತನ್ನಷ್ಟಕ್ಕೇ ಬಿಕ್ಕಿದಳು.

ಡಾಕ್ಟರ್ ಅಮೃತಪ್ಪ ತಟ್ಟನೆ ತಲೆಯೆತ್ತಿದ. 1996ರ ಆ ಚಳಿಗಾಲಕ್ಕೆ ಅವನು ರಾಯಚೂರಿನಿಂದ ಹೈದರಾಬಾದಿಗೆ ಬಂದು ಎರಡು ವರ್ಷ. ಇಂಥ ಕನ್ನಡ ಕೇಳಿ ಎಷ್ಟು ದಿನವಾಗಿತ್ತೋ!

"ಕೊಡ್ರಿ ಇಲ್ಲಿ. ಹಾಲು ಕುಡಿದಾಗೆಲ್ಲಾ ಹಿಂಗ ಆಗತೈತೇನ್ರಿ?"

"ಹೂಂರಿ. ನಮ್ಮ ನಾಯಿ ಐದು ಮರಿ ಹಾಕೇತಿ, ಉಳಿದ ನಾಲ್ಕೂ ದುಂಡಗ ಆಗ್ಯಾವ. ಇದೊಂದು ಮಾತ್ರ ಸೊರಗಾಕತ್ತೈತಿ."

ಅವನು ಮರಿಯ ಬಾಯಿ ತೆರೆದು ಟಾರ್ಚು ಹಿಡಿದ. ಅಂಗುಳದ ನಡುವೆ ಉದ್ದಕ್ಕೂ ಸೀಳು!

"ಹುಟ್ಟಿನಿಂದ ಬಂದ ಕೊರತೆ ರೀ. ಹಾಲು ಮೂಗಿಗೆ, ಎದೀಗೆ ಹೋಗತೈತಿ. ಹುಟ್ಟಿದ ದಿನಾನೇ ಬಾಯಿ ತೆಗೆದು ನೋಡಿದ್ರ ಗೊತ್ತಾಗತಿತ್ತು. ಇಂಥಾವು ಉಳಿಯೂದು ಭಾಳ ಕಷ್ಟ... ಒಂದು ಇಂಜೆಕ್ಷನ್ ಕೊಟ್ಟು ಕಾಯಂ ಮಲಗಿಸಿಬಿಡೂದು ಚಲೋ."

ನೀಲಾಳ ಮುಖ ಬಿಳಿಚಿಕೊಂಡಿತು. ಅವಳ ಕೈ ತಾನಾಗಿಯೇ ಮೇಲ್ದುಟಿಯ ಹೊಲಿಗೆಯ ಗುರುತನ್ನು ಮುಚ್ಚಿತು.

ಅವಳೂ ಸೀಳುತುಟಿಯೊಂದಿಗೇ ಹುಟ್ಟಿದವಳು. ಹೆಣ್ಣು ನೋಡಲು ಬಂದ ಮೂರು ಮನೆಯವರು ಆ ಗುರುತು ನೋಡಿಯೇ ಎದ್ದುಹೋಗಿದ್ದರು.

"ಹಂಗಾದ್ರ ನಾ ಹುಟ್ಟಿದಾಗ ನನಗೂ ಇಂಜೆಕ್ಷನ್ ಕೊಡಬೇಕಾಗಿತ್ತೇನ್ರಿ?!"

ಮರಿಯನ್ನು ಕಸಿದುಕೊಂಡು ಹೊರಟೇಬಿಟ್ಟಳು.

ಛೇ! ಅವಳ ತುಟಿಯನ್ನು ನಾನು ನೋಡಲೇ ಇಲ್ಲವಲ್ಲ... ಅಮೃತಪ್ಪನಿಗೆ ಆಮೇಲೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ.

ಸಂಜೆ ದವಾಖಾನೆಯ ಅಕ್ಕಪಕ್ಕ ಕೇಳಿ ಅವಳ ವಿಳಾಸ ಹುಡುಕಿಕೊಂಡು ಅವನು ಸ್ಕೂಟರ್‌ನಲ್ಲಿ ರೈಲ್ವೆ ಕ್ವಾರ್ಟರ್ಸಿಗೆ ಬಂದ. ಬಾಗಿಲು ತೆಗೆದದ್ದು ನೀಲಾಳ ತಾಯಿ ಜಯಮ್ಮ. ಹಿಂದೆಯೇ ನೀಲಾ, ಕಣ್ಣು ಕೆಂಪಗಾಗಿತ್ತು.

"ನನ್ನ ಮಾತು ತಪ್ಪಾತ್ರಿ. ಇದು ಉಳಿಯೂದು ಕಷ್ಟ ಅನ್ನೂದು ಖರೇ. ಆದ್ರೂ ನೀವು ಪ್ರಯತ್ನ ಮಾಡ್ತೀನಿ ಅಂದ್ರ ನಾ ಕಲಸ್ತೀನಿ."

ಅವಳು ಪಕ್ಕಕ್ಕೆ ಸರಿದು ದಾರಿಬಿಟ್ಟಳು.

ಉಳಿದ ನಾಲ್ಕು ಮರಿಗಳ ಬಾಯಿ, ನೆತ್ತಿ, ಎದೆಬಡಿತ ನೋಡಿದ. ಎಲ್ಲ ಸರಿಯಿತ್ತು. ಆಮೇಲೆ ತೆಳ್ಳನೆಯ ನಳಿಗೆಯನ್ನು ಬಾಯಿಂದ ಹೊಟ್ಟೆಗೆ ಇಳಿಸಿ ಬೆಚ್ಚಗಿನ ಹಾಲು ಬಿಡುವುದನ್ನು ಅವಳ ಕೈಹಿಡಿದು ಕಲಿಸಿದ.

"ಮೂರು ತಿಂಗಳು ದಾಟಿದ್ರ ಆಪರೇಷನ್ ಮಾಡಬಹುದು. ಅಲ್ಲೀ ತನಕ..."

"ಅಲ್ಲೀ ತನಕ ನಾ ಕಾಯ್ತೀನ್ರಿ."

ಅವಳು ಆಫೀಸಿಗೆ ರಜೆ ಹಾಕಿದಳು. ಅವನು ದಿನಾ ಬೆಳಿಗ್ಗೆ ಬಂದ. ಎಂಟನೆಯ ದಿನ ಮರಿಯ ತೂಕ ತುಸು ಏರಿತು. ನೀಲಾ ತುಟಿ ಮುಚ್ಚಿಕೊಳ್ಳದೆ ನಕ್ಕಳು. ಅವನು ನೋಡುತ್ತಲೇ ನಿಂತುಬಿಟ್ಟ...

ಹನ್ನೊಂದನೆಯ ದಿನ ಬೆಳಿಗ್ಗೆ ಮರಿ ಕೆಮ್ಮಿತು. ಎದೆಯೊಳಗೆ ಗುರುಗುರು ಸದ್ದು. ಹಾಲು ಎಂದೋ ಶ್ವಾಸಕೋಶಕ್ಕೆ ಇಳಿದಿತ್ತು.

ಒಂದು ಇಂಜೆಕ್ಷನ್. ಇನ್ನೊಂದು.

"ಏನರ ಮಾಡ್ರಿ ಡಾಕ್ಟರ್!"

"ನನ್ನ ಕಡೆ ಇನ್ನ ಏನೂ ಉಳಿದಿಲ್ಲ ನೀಲಾ..."

ಅವನು ಸಿರಿಂಜ್ ಕೆಳಗಿಟ್ಟ. ಮಧ್ಯಾಹ್ನದ ಹೊತ್ತಿಗೆ ಅವಳ ತೊಡೆಯ ಮೇಲೆ ಆ ಪುಟ್ಟ ಎದೆ ನಿಂತುಹೋಯಿತು.

ಹಿತ್ತಲಿನಲ್ಲಿ ಇಬ್ಬರೂ ಸೇರಿ ಮಣ್ಣು ಮುಚ್ಚಿದರು.

"ನಾ ಹಾಕಿದ ಹಾಲೇ ದಾರಿ ತಪ್ಪಿತೇನ್ರಿ?"

"ಇಲ್ಲ. ಎಷ್ಟ ಜೋಪಾನ ಮಾಡಿದ್ರೂ ಹಿಂಗ ಆಗತೈತಿ. ನಿಮ್ಮಿಂದ ಅದಕ್ಕ ಹನ್ನೊಂದು ದಿನಾ ಹೊಟ್ಟಿ ತುಂಬೇತಿ."

ಅವಳು ಅತ್ತಳು. ಅವನು ಮಣ್ಣಿನ ಕೈಯಲ್ಲೇ ಕಣ್ಣೊರೆಸಿಕೊಂಡ.

"ನಾಳಿಂದ ಇಲ್ಲಿಗೆ ಬರಾಕ ನನಗ ನೆವಾ ಇಲ್ಲ... ನೀಲಾ, ನಮ್ಮವ್ವನ್ನ ಕರಕೊಂಡು ಬರ್ಲೇನ್ರಿ? ನಿಮ್ಮನ್ನ ಹೆಣ್ಣು ಕೇಳಾಕ?"

ಅವಳು ಅವನತ್ತ ತಿರುಗಿದಳು.

"ಕನಿಕರದಿಂದ ಕೇಳಾಕತ್ತೀರೇನ್ರಿ?"

"ಕನಿಕರ ಇವತ್ತ ನನಗ ಬೇಕಾಗೈತ್ರಿ. ಖಾಲಿ ಮನಿಗೆ ಹೋಗಿ ಒಬ್ಬಾವ ಕುಂದ್ರಾಕ ಆಗೂದಿಲ್ಲ ನನಗ..."

ನೀಲಾ ಅವನ ಕೈಗೆ ನೀರು ಹಾಕಿದಳು. ಬಹಳ ಹೊತ್ತು.

"ಹಂಗಾದ್ರ ಹೋಗಬ್ಯಾಡ್ರಿ. ಇಲ್ಲೇ ಕುಂದರ್ರಿ."

"ಮತ್ತ ಅವ್ವನ್ನ...?"

"ಅವರಿಗೆ ಇವತ್ತೇ ಪತ್ರ ಬರೀರಿ."