ಬಿಸಿಲಿನ ಹಿಂದೆ ನಡೆದವನು

"ಏಯ್! ಅದನ್ನು ಎಲ್ಲಿಗೆ ಹೊತ್ತುಕೊಂಡು ಹೋಗುದು?!"

ಪ್ರೀತಿಕಾ ಅಂಗಳಕ್ಕೆ ಓಡಿ ಬಂದಳು. ಅವಳ ಸೋಲಾರ್ ಹಲಗೆ, ಅದಕ್ಕೆ ಸಿಕ್ಕಿಸಿದ ಟ್ಯಾಬ್... ಎರಡೂ ಒಬ್ಬ ಅಪರಿಚಿತನ ಕೈಯಲ್ಲಿ!

"ಬಿಸಿಲಿಗೆ," ಎಂದ ಅವನು, ತಣ್ಣಗೆ. "ಇಲ್ಲಿ ನೆರಳು ಬಂತಲ್ಲ ಮಾರಾಯ್ರೆ. ಬಿಸಿಲು ನಡೀತದೆ, ನಿಮ್ಮ ಹಲಗೆಗೆ ಕಾಲುಂಟಾ?"

ಸಿಟ್ಟಿನ ನಡುವೆಯೇ ಅವಳಿಗೆ ನಗು ಬಂದುಬಿಟ್ಟಿತು.

ಕೊಲ್ಲಮೊಗ್ರಿನ ಕಾಡಂಚಿನ ಮನೆಗಳಿಗೆ ಕುಡಿಯುವ ನೀರು ತರಬೇಕೆಂದು ಪುತ್ತೂರಿನ ಸಂಸ್ಥೆಯೊಂದು ಅವಳನ್ನು ಕಳುಹಿಸಿತ್ತು. ಮನೆಮನೆಗೆ ಹೋಗಿ ನೀರಿನ ಕಷ್ಟದ ಬಗ್ಗೆ ಹೆಂಗಸರ ಮಾತನ್ನು ಟ್ಯಾಬಿನಲ್ಲಿ ದಾಖಲಿಸುವುದು ಅವಳ ಕೆಲಸ. ಕರೆಂಟನ್ನು ನಂಬುವಂತಿರಲಿಲ್ಲ. ಮಧ್ಯಾಹ್ನದ ಬಿಸಿಲೇ ಗತಿ.

ಅವಳು ಉಳಿದುಕೊಂಡಿದ್ದು ದೇವಕಿಯಕ್ಕನ ಮನೆಯಲ್ಲಿ. ಹಲಗೆ ಹೊತ್ತವನು ಯತಿನ್, ದೇವಕಿಯಕ್ಕನ ತಮ್ಮನ ಮಗ, ಪಕ್ಕದಲ್ಲೇ ಜೇನು ಸಾಕುವವನು.

ಅಂದಿನಿಂದ ಹತ್ತು ಮಧ್ಯಾಹ್ನ, ಅವಳು ಕೇಳದಿದ್ದರೂ, ಅವನು ಹಲಗೆಯನ್ನು ಬಿಸಿಲಿನ ಹಿಂದೆ ಸರಿಸುತ್ತ ಬಂದ. ಜೇನಿನ ಗುಂಯ್‌ಗುಟ್ಟುವಿಕೆಯಲ್ಲಿ ಅವಳಿಗೆ ಅರೆನಿದ್ದೆ, ಅರೆಕನಸು... ಕನಸಿನಲ್ಲೂ ಅವನದೇ ಹೆಜ್ಜೆ!

ಹನ್ನೊಂದನೆಯ ದಿನ. ಎರಡೇ ಮನೆ ಬಾಕಿ. ನಾಳೆ ಬೆಳಿಗ್ಗೆ ಅವಳು ಮುಂದಿನ ಊರು ಪೆರಾಬೆಗೆ ಹೊರಡಬೇಕು.

ಊಟ ಮುಗಿಸಿ ಬಂದು ನೋಡಿದರೆ ಟ್ಯಾಬ್ ಸತ್ತುಬಿದ್ದಿತ್ತು. ಹಲಗೆಯ ಮೇಲೆ ಒದ್ದೆ ಬೈರಾಸು. ಯತಿನ್ ಹೆಗಲಿಗೆ ಹಾಕಿಕೊಳ್ಳುವ ಟವೆಲು!

"ನಾನು ಇನ್ನೊಂದು ದಿನ ಉಳೀಲಿ ಅಂತ ಮಾಡಿದ್ದಲ್ವಾ? ನನ್ನ ಕೆಲಸ ನಿಮಗೆ ತಮಾಷೆ!" ಎಂದು ಅವಳು ಜೇನುಪೆಟ್ಟಿಗೆಯ ಬಳಿಯಿದ್ದ ಯತಿನನ ಮೇಲೆ ರೇಗಿದಳು.

ಅವನು ಹಲಗೆ, ಟ್ಯಾಬ್ ಎತ್ತಿಕೊಂಡು ಗುಡ್ಡದ ಕಡೆ ನಡೆದುಬಿಟ್ಟ.

"ಎಂತ ಮಗಾ ಬೊಬ್ಬೆ?" ದೇವಕಿಯಕ್ಕ ಹೊರಗೆ ಬಂದರು. "ಬೈರಾಸಾ? ಅದು ನಾನು ಹೊದಿಸಿದ್ದು. ಮುಟ್ಟಿದ್ರೆ ಕೈ ಸುಡ್ತಿತ್ತು. ಪಾಪ, ಕಾದು ಒಡೆದು ಹೋದ್ರೆ ಅಂತ ನೀರಲ್ಲಿ ಅದ್ದಿ ಹಾಕಿದೆ. ತಂಪಾಯ್ತಾ?"

ಅಯ್ಯೋ ದೇವರೇ... ನಾನು ಎಂತ ಹೇಳಿಬಿಟ್ಟೆ!

ಅವಳು ಓಡಿದಳು. ಗುಡ್ಡದ ಪಾದೆಕಲ್ಲಿನ ಮೇಲೆ ಬಿಸಿಲು ಇನ್ನೂ ಹೊನ್ನಿನಂತೆ ಹರಡಿತ್ತು. ಅದರ ನಡುವೆ, ಹಲಗೆಯನ್ನು ಮೊಣಕಾಲ ಮೇಲೆ ಓರೆಯಾಗಿ ಹಿಡಿದು ಅವನು ಕುಳಿತಿದ್ದ. ಅಲುಗದೆ.

"ಚಾರ್ಜು ಇಪ್ಪತ್ತು ಪರ್ಸೆಂಟ್ ಆಯ್ತು," ಎಂದ, ತಿರುಗಿ ನೋಡದೆ. "ಎರಡು ಮನೆಗೆ ಸಾಕಲ್ವಾ?"

ಅವಳ ಕಣ್ಣು ತುಂಬಿತು. "ನೀವಲ್ಲ ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೈಗಳು ಅತ್ತೆಗೆ. ಮತ್ತೆ... ನೀವು ಹೇಳಿದ್ದು ಪೂರಾ ಸುಳ್ಳೂ ಅಲ್ಲ."

"ಎಂತ?"

"ಮುಚ್ಚಿದ್ದು ನಾನಲ್ಲ. ಇನ್ನೊಂದು ದಿನ ಉಳೀಲಿ ಅಂತ ಆಸೆ ಪಟ್ಟದ್ದು... ಅದು ನಾನೇ."

ಅವಳು ಮೆಲ್ಲನೆ ಪಕ್ಕದಲ್ಲಿ ಕುಳಿತು ಹಲಗೆಯ ಇನ್ನೊಂದು ಅಂಚು ಹಿಡಿದಳು.

"ತಪ್ಪಾಯ್ತು ಯತಿನ್. ಪೆರಾಬೆಯಲ್ಲಿ ಹದಿನೈದು ದಿನದ ಕೆಲಸ ಉಂಟು."

"ಆಮೇಲೆ?"

"ಆಮೇಲೆ ಇಲ್ಲಿಗೆ ಬರ್ತೇನೆ."

"ಇಲ್ಲಿ ಎಲ್ಲ ಮನೆ ಮುಗೀತಲ್ಲ?"

"ಟ್ಯಾಬ್ ತರುದಿಲ್ಲ ಮಾರಾಯ," ಎಂದಳು ಪ್ರೀತಿಕಾ. "ನಾನೊಬ್ಬಳೇ ಬರುದು."