ಲಿಫ್ಟ್ ಗುಂಡಿಯ ನರಿಮರಿ

"ಬೆಕ್ಕಿನ ಮರಿ ತಂದಿದ್ದೀನಿ" ಅಂತ ಬಾಗಿಲಲ್ಲಿ ನಿಂತವನ ಟೂಲ್ ಬ್ಯಾಗಿನೊಳಗೆ ಇಣುಕಿದ ಮರಿಯಕ್ಕನಿಗೆ ನಗು ತಡೆಯಲಾಗಲಿಲ್ಲ. ಸ್ಪ್ಯಾನರುಗಳ ನಡುವೆ, ಹಳೇ ಬನಿಯನ್ನಿನ ಸುತ್ತಿನಲ್ಲಿ, ಕಂದು ಬಣ್ಣದ ಪುಟ್ಟ ಜೀವವೊಂದು ಗಡಗಡ ನಡುಗುತ್ತಿತ್ತು.

"ಎಲ್ಲಿಯ ಬೆಕ್ಕು ರೀ? ನರಿಮರಿ ಇದು."

ಅವನು ಬ್ಯಾಗನ್ನು ಮಾರುದೂರ ಹಿಡಿದ. "ನರೀನಾ! ಅದಕ್ಕೇ ನನ್ನ ಹೆಬ್ಬೆರಳು ಹೀಗೆ ಕಚ್ಚಿದ್ದು."

"ನರಿ ಮುಖ ನೋಡಿದವರಿಗೆ ಅದೃಷ್ಟ ಬರುತ್ತಂತೆ. ಅದು ಬರೋದಕ್ಕೆ ಮುಂಚೆ ಹೋಗಿ ಇಂಜೆಕ್ಷನ್ ಹಾಕಿಸ್ಕೊಳ್ಳಿ."

ನೀಲಿ ಯೂನಿಫಾರಂ ತೊಟ್ಟ ಅವನು ಲಿಫ್ಟ್ ಮೆಕ್ಯಾನಿಕ್. ಊರಾಚೆ ಏಳುತ್ತಿದ್ದ ಹೊಸ ಕಟ್ಟಡದಲ್ಲಿ, ಲಿಫ್ಟ್ ಕೂರಿಸುವ ಗುಂಡಿಗೆ ಮರಿ ಬಿದ್ದಿತ್ತು. ತಾಯಿ ಹಿಂದಿನ ದಿನವೇ ಲಾರಿಗೆ ಸಿಕ್ಕಿತ್ತು. ಕೆಲಸಗಾರರು ಕಲ್ಲು ಎತ್ತಿಕೊಳ್ಳುವಷ್ಟರಲ್ಲಿ ಇವನು ಗುಂಡಿಗೆ ಇಳಿದಿದ್ದ.

ಮರಿಯಕ್ಕ ಹಗಲೆಲ್ಲ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದಳು. ಮಿಕ್ಕ ಹೊತ್ತು ಅವಳ ಮನೆಯೇ ಆಸ್ಪತ್ರೆ. ತಾಯಿಯಿಲ್ಲದ ಮರಿ, ರೆಕ್ಕೆ ಮುರಿದ ಹಕ್ಕಿ ಯಾವುದೇ ಸಿಗಲಿ, ಅರಣ್ಯ ಇಲಾಖೆಯವರೇ ಅವಳ ವಿಳಾಸ ಹೇಳಿ ಕಳಿಸುತ್ತಿದ್ದರು. ಹಾಗಾಗಿ ಬೀದಿಯವರ ಬಾಯಲ್ಲಿ ಅವಳು ಮರಿಯಕ್ಕ. ಆ ದಿನಗಳಲ್ಲಿ ಬಚ್ಚಲಿನ ಟವೆಲ್ ಕಂಬಿಯ ಮೇಲೆ ಗೂಬೆಯೊಂದು ವಾಸವಾಗಿತ್ತು. "ನನ್ನ ಮನೇಲಿ ನಾನು ಸ್ನಾನ ಮಾಡೋಕೆ ಗೂಬೆ ಅಪ್ಪಣೆ ಕೇಳಬೇಕು" ಅಂತ ಅಮ್ಮ ಗೊಣಗುತ್ತಿದ್ದಳು. ಗೊಣಗುತ್ತಲೇ ಅದಕ್ಕೆ ಮಾಂಸ ಹೆಚ್ಚಿಡುತ್ತಿದ್ದಳು.

ಮಾರನೇ ಸಂಜೆ ಅವನು ಬೆರಳಿಗೆ ಪಟ್ಟಿ ಕಟ್ಟಿಕೊಂಡು ಮತ್ತೆ ಬಂದ. "ಹೇಗಿದ್ದಾನೆ ನಮ್ಮ..."

"ಹೆಸರಿಡಬೇಡಿ."

"ಹೆಸರೆಲ್ಲಿ ಇಟ್ಟೆ? 'ನಮ್ಮ' ಅಂದೆ ಅಷ್ಟೇ."

"ಅದೂ ಬೇಡ."

ಅದು ಅವಳ ಕಟ್ಟುನಿಟ್ಟು. ಮರಿಯನ್ನು ಮಾತಾಡಿಸುವಂತಿಲ್ಲ, ಮುದ್ದಿಸುವಂತಿಲ್ಲ, ಕೆಲಸವಿಲ್ಲದೆ ಮುಟ್ಟುವಂತಿಲ್ಲ. ಹಿಂದೊಮ್ಮೆ ಅವಳು ಸಾಕಿ ಬಿಟ್ಟ ಹದ್ದೊಂದು, ಮನುಷ್ಯರೆಲ್ಲ ತನ್ನವರೆಂದುಕೊಂಡು ಶಾಲೆಯ ಹುಡುಗಿಯೊಬ್ಬಳ ಹೆಗಲಿಗೆ ಇಳಿದಿತ್ತು. ಹುಡುಗಿಯ ಕಿವಿ ಹರಿಯಿತು. ಜನ ಅದನ್ನು ಛತ್ರಿಯಿಂದ ಬಡಿದು ಕೊಂದರು. ಆ ಕಥೆಯನ್ನು ಅವನಿಗೆ ಹೇಳುವಾಗ ಅವಳು ಹಾಲಿನ ಬಾಟಲಿ ತೊಳೆಯುತ್ತಿದ್ದಳು. ಕಥೆ ಮುಗಿದರೂ ತೊಳೆಯುವುದು ಮುಗಿಯಲಿಲ್ಲ. ಅವನು ಮೆಲ್ಲಗೆ ನಲ್ಲಿ ನಿಲ್ಲಿಸಿದ.

ಅದುವರೆಗೆ ಯಾರೂ ಅವಳಿಗಾಗಿ ಹೀಗೆ ನಲ್ಲಿ ನಿಲ್ಲಿಸಿರಲಿಲ್ಲ.

ಆಮೇಲೆ ಅವನು ದಿನಾ ಬಂದ. ಹಿತ್ತಲಿನಲ್ಲಿ ಮರಿಗೆ ದೊಡ್ಡ ಗೂಡು ಕಟ್ಟಿದ. ಕಾಣದ ಕಡೆಯಿಂದ ಊಟ ಇಳಿಯಲೆಂದು ರಾಟೆ, ಹಗ್ಗ, ತೂಕದ ಕಲ್ಲು ಕಟ್ಟಿ ಒಂದು ತಟ್ಟೆ ಜೋಡಿಸಿದ.

"ನರಿಗೂ ಲಿಫ್ಟಾ?" ಅವಳು ನಕ್ಕಳು.

"ನಿಮ್ಮ ಕೈ ಅದಕ್ಕೆ ಕಾಣಬಾರದು ತಾನೆ?" ಅವನು ಹಗ್ಗ ಬಿಗಿಯುತ್ತಾ ಅಂದ. "ನನಗೆ ಕಂಡರೆ ಸಾಕು."

ಅವಳು ಗಕ್ಕನೆ ಕೈಗಳನ್ನು ಬೆನ್ನಹಿಂದೆ ಮರೆಸಿದಳು. ಅವನು ತಲೆ ಎತ್ತಲಿಲ್ಲ. ಆದರೆ ಕಿವಿಯವರೆಗೂ ಕೆಂಪೇರಿದ್ದು ಅವಳಿಗೆ ಕಂಡಿತು. ಆ ಕೆಂಪನ್ನು ಇನ್ನೊಮ್ಮೆ ನೋಡಬೇಕೆನ್ನಿಸಿ, ಬೇಡದಿದ್ದರೂ ಸ್ಕ್ರೂಡ್ರೈವರ್ ತಂದುಕೊಟ್ಟಳು.

"ನಿಮ್ಮ ಕೆನ್ನೇಲಿ ಗ್ರೀಸ್ ಇದೆ" ಅಂದ.

"ಎಲ್ಲಿ?"

"ಒರೆಸಲಾ? ಅಥವಾ ಕೆಲಸವಿಲ್ಲದೆ ಮುಟ್ಟೋ ಹಾಗಿಲ್ಲ ಅನ್ನೋದು ನಿಮಗೂ ಅನ್ವಯಿಸುತ್ತಾ?"

ಒಳಗಿನಿಂದ ಅಮ್ಮ ಕೂಗಿದಳು: "ಲಿಫ್ಟಿನವರೇ, ಟೀ ಆರ್ತಾ ಇದೆ! ಇವಳ ಬಾಯಿಂದ ಉತ್ತರ ಬರೋಷ್ಟರಲ್ಲಿ ಐಸೇ ಆಗುತ್ತೆ!"

ಮರಿ ಮಾತ್ರ ಅಳುತ್ತಿತ್ತು. ಹೊಟ್ಟೆ ತುಂಬಿದ್ದರೂ, ಬೆಚ್ಚಗಿದ್ದರೂ, ಸಂಜೆಯಾದರೆ ಗೂಡಿನ ಮೂಲೆಯಿಂದ ಸಣ್ಣಗೆ ಕುಂಯ್‌ಗುಡುತ್ತಿತ್ತು. ಅವನು ಟೀ ಲೋಟ ಹಿಡಿದು ಚಡಪಡಿಸುತ್ತಿದ್ದ. ಅವಳು ಕುರ್ಚಿಯ ತೋಳು ಹಿಡಿದು ಕೂತಿರುತ್ತಿದ್ದಳು.

"ಕರುಳು ಕಿವುಚೋದಿಲ್ವಾ ನಿಮಗೆ?"

"ಅಭ್ಯಾಸ ಆಗುತ್ತೆ" ಅನ್ನುತ್ತಿದ್ದಳು. ಅದು ಸುಳ್ಳು. ಎಷ್ಟು ಮರಿ ಸಾಕಿದರೂ ಅಭ್ಯಾಸವಾಗಿರಲಿಲ್ಲ.

ಅಷ್ಟರಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಅಮ್ಮನ ಸಕ್ಕರೆ ಕಾಯಿಲೆಯಿಂದಾಗಿ ಕೆಲವು ದಿನ ತಾಯಿ ಮಗಳು ಆಸ್ಪತ್ರೆಯಲ್ಲೇ ಉಳಿಯಬೇಕಾಯಿತು. ಅವನೇ ಮುಂದಾಗಿ ಮನೆಯ ಬೀಗದ ಕೈ ಇಸಿದುಕೊಂಡ. ಹಿಂತಿರುಗಿದಾಗ ಮರಿ ಮೈಕೈ ತುಂಬಿಕೊಂಡಿತ್ತು. ಸಂಜೆಯ ಅಳು ನಿಂತಿತ್ತು.

"ಏನು ಮಾಟ ಮಾಡಿದ್ರಿ?"

"ದೊಡ್ಡದಾಯ್ತಲ್ಲ, ಅದಕ್ಕೆ" ಅಂದವನು ಸಡಿಲವಾಗಿರದ ಮೊಳೆಯೊಂದನ್ನು ಸುತ್ತಿಗೆಯಿಂದ ಬಡಿಯತೊಡಗಿದ. ತನ್ನನ್ನು ನೋಡಲಾಗದ ನಾಚಿಕೆ ಅಂದುಕೊಂಡು ಅವಳು ಒಳಗೊಳಗೇ ಹಿಗ್ಗಿದಳು.

ಮಳೆಗಾಲ ಕಳೆದ ಮೇಲೊಂದು ಬೆಳಿಗ್ಗೆ, ಹಳೇ ಕಲ್ಲುಕ್ವಾರಿಯ ಆಚೆಯ ಕುರುಚಲು ಕಾಡಿಗೆ ಒಯ್ದು ಪೆಟ್ಟಿಗೆಯ ಬಾಗಿಲು ತೆಗೆದರು. ನರಿ ಗಾಳಿ ಮೂಸಿತು, ಹತ್ತು ಹೆಜ್ಜೆ ಹೋಯಿತು, ನಿಂತು ತಿರುಗಿ ನೋಡಿತು. ಅವಳು ಅವನನ್ನೂ ಎಳೆದುಕೊಂಡು ಬಂಡೆಯ ಹಿಂದೆ ಕುಳಿತಳು. ಬಹಳ ಹೊತ್ತಾದ ಮೇಲೆ ಅದು ಪೊದೆಯೊಳಗೆ ನುಸುಳಿತು. ನೋಡಿದರೆ ಅವನ ತೋಳು ಇನ್ನೂ ಅವಳ ಕೈಯಲ್ಲೇ ಇತ್ತು.

"ಇನ್ನು ನಾನು ಬರೋದಕ್ಕೆ ನೆಪವೇ ಇಲ್ಲ" ಅಂದ.

"ನೆಪ ಇಲ್ಲದೇನೇ ಬನ್ನಿ."

"ಬಂದರೆ ಹೋಗಲ್ಲ."

"ಹೋಗಿ ಅಂತ ಯಾರು ಅಂದ್ರು?" ಅಂದು ಅವಳು ನೆಲ ನೋಡಿದಳು. ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತನ್ನ ಬೆರಳುಗಳ ನಡುವೆ ಸೇರಿಸಿಕೊಂಡ. ಆ ದಿನ ಅಮ್ಮ ಹೊಸ ಕಣ್ಣಿನಿಂದ ಇಬ್ಬರ ಮುಖ ನೋಡಿಯೇ ಎಲ್ಲ ಓದಿಕೊಂಡಳು.

ಮದುವೆಯ ದಿನ ನಿಶ್ಚಯವಾಗುವ ಮೊದಲೇ ಆ ಮಧ್ಯಾಹ್ನ ಬಂತು. ಪ್ರಾಣಿ ಡಾಕ್ಟರು ಮೆಡಿಕಲ್ ಶಾಪಿಗೆ ಫೋನ್ ಮಾಡಿದರು. "ಮರಿಯಕ್ಕ, ಬೇಗ ಬನ್ನಿ. ನಿಮ್ಮದೇ ಇರಬೇಕು."

ಕ್ವಾರಿ ಹತ್ತಿರದ ಕಟ್ಟಡದ ಸೈಟಿಗೆ ಊಟದ ಹೊತ್ತಿನಲ್ಲಿ ನರಿ ಬಂದಿತ್ತಂತೆ. ನೀಲಿ ಯೂನಿಫಾರಂ ಹಾಕಿದ ಮೆಕ್ಯಾನಿಕ್ಕೊಬ್ಬನ ಬಳಿಗೆ ನೇರವಾಗಿ ನಡೆದು, ಕಾಲ ಬುಡದಲ್ಲಿ ಹೊಟ್ಟೆ ಮೇಲಾಗಿ ಉರುಳಿತಂತೆ. ಹೆದರದೆ ಬರುವ ನರಿಗೆ ಹುಚ್ಚು ಹಿಡಿದಿರುತ್ತದೆಂದು ಜನಕ್ಕೆ ಗೊತ್ತು. ಕಬ್ಬಿಣದ ರಾಡಿನಿಂದ ಬಡಿದಿದ್ದರು. ಬೆನ್ನು ಮುರಿದಿತ್ತು.

ಅವಳು ಡಾಕ್ಟರ ಮೇಜಿನ ಪಕ್ಕ ನಿಂತಿದ್ದಾಗ ಸುದ್ದಿ ತಿಳಿದು ಅವನು ಓಡೋಡಿ ಬಂದ. ಹೆಜ್ಜೆ ಸಪ್ಪಳಕ್ಕೇ ನರಿಯ ಕಿವಿ ನಿಮಿರಿತು. ಸತ್ತ ಹಿಂಗಾಲುಗಳನ್ನು ಎಳೆದುಕೊಂಡು ಮೇಜಿನ ಅಂಚಿಗೆ ತೆವಳಿ, ಅವನ ಅಂಗೈಯೊಳಗೆ ಮೂತಿ ಇಟ್ಟಿತು. ಸಣ್ಣಗೆ ಕುಂಯ್ ಅಂದಿತು.

ಅವಳು ಡಾಕ್ಟರ ಕಡೆ ತಿರುಗಿ ತಲೆಯಾಡಿಸಿದಳು. ಸೂಜಿ ಇಳಿಯಿತು.

ಹೊರಗೆ ಗೋಡೆಗೆ ಒರಗಿ ಅವನು ಅಂದ: "ನೀವು ಇಲ್ಲದಾಗ ಒಂದೇ ಸಮ ಅಳ್ತಿತ್ತು. ಒಂದು ದಿನ ತಡೆದೆ. ಆಮೇಲೆ ಗೂಡೊಳಗೆ ಹೋಗಿ ಕೂತೆ. ಬಂದು ತೊಡೆ ಮೇಲೆ ಮಲಗಿಬಿಟ್ಟಿತು. ಆಮೇಲೂ... ನೀವು ಅಂಗಡಿಗೆ ಹೋದಾಗ, ಅಮ್ಮ ಮಲಗಿರೋವಾಗ ಹಿತ್ತಲಿನಿಂದ ಬಂದು ಹೋಗ್ತಿದ್ದೆ. ಅಷ್ಟು ಸಣ್ಣ ಜೀವ ಅಳೋವಾಗ ಕೈಕಟ್ಟಿ ಕೂರೋಕೆ ನನ್ನಿಂದ ಆಗಲಿಲ್ಲ."

"ನನಗೂ ಕೇಳಿಸ್ತಿತ್ತು" ಅಂದಳು ಅವಳು. "ದಿನಾ ಕೇಳಿಸ್ತಿತ್ತು. ಕೈಕಟ್ಟಿ ಕೂತೆ. ಅದನ್ನೇ ಪ್ರೀತಿ ಅಂದ್ಕೊಂಡಿದ್ದೆ."

"ಹೇಳಬೇಕು ಅಂತ ಎಷ್ಟು ಸಲ ಬಾಯಿ ತೆಗೆದೆ."

"ಹೇಳಿದ್ದರೆ ಕಾಡಿಗೆ ಬಿಡ್ತಿರಲಿಲ್ಲ. ಇನ್ನೊಂದು ವರ್ಷ ಇಟ್ಕೊಂಡು ಸರಿ ಮಾಡ್ತಿದ್ದೆ. ಬದುಕ್ತಿತ್ತು."

ಅವನು ಅವಳ ಕೈಗೆ ಕೈ ಚಾಚಿದ. "ಮುಟ್ಟಬೇಡಿ" ಅಂದಳು. ಒಂದು ಹನಿ ಕಣ್ಣೀರಿಲ್ಲದೆ ಅಂದಳು.

ಅವನು ವಾರಗಟ್ಟಲೆ ಬಾಗಿಲಿಗೆ ಬಂದ. ಅವಳು ತೆಗೆಯಲಿಲ್ಲ. ಆಮೇಲೆ ಬರುವುದನ್ನು ಬಿಟ್ಟ. ಅಮ್ಮ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಒಮ್ಮೆ ಮಾತ್ರ ಪಾತ್ರೆ ಒರೆಸುತ್ತಾ, "ಅವನು ತಪ್ಪು ಮಾಡಿದ, ನಿಜ. ಕಲ್ಲು ಮನಸ್ಸಿನವನು ಮಾಡೋ ತಪ್ಪಲ್ಲ ಕಣೇ ಅದು" ಅಂದಳು.

ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಬೇಸಿಗೆ ಬಂದು ಹೋಯಿತು. ಬೇರೆ ಮರಿಗಳು ಬಂದವು, ಬೆಳೆದವು, ಹೋದವು. ಕೊನೆಗೊಂದು ದಿನ ಅವಳೇ ತಲೆ ಬಾಚಿಕೊಂಡು ಹೊರಟಳು. ಅವನು ಕೆಲಸ ಮಾಡುತ್ತಿದ್ದ ಆಫೀಸ್ ಕಟ್ಟಡ ಹುಡುಕಿ, ತಾರಸಿಯ ಮೇಲಿನ ಲಿಫ್ಟ್ ಮೋಟಾರ್ ಕೋಣೆಯವರೆಗೂ ಹತ್ತಿದಳು. ಅವನು ಸೊರಗಿಹೋಗಿದ್ದ. ಕಣ್ಣ ಕೆಳಗೆ ಕಪ್ಪಾಗಿತ್ತು. ಅವಳನ್ನು ನೋಡಿ ಎದ್ದು ನಿಂತ.

"ಕರೆದುಕೊಂಡು ಹೋಗೋಕೆ ಬಂದಿದ್ದೀನಿ" ಅಂದಳು. "ಅಷ್ಟು ಗಡುಸಾಗಿ ಇರಬಾರದಿತ್ತು ನಾನು. ಬನ್ನಿ, ಮನೆಗೆ ಹೋಗೋಣ."

ಅವನ ಮುಖ ಒಂದು ಕ್ಷಣ ಬೆಳಗಿತು. ಮರುಕ್ಷಣ ಆರಿತು. ಅವನು ಚಿಂದಿಬಟ್ಟೆಗೆ ಕೈ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ನಮ್ಮಕ್ಕನಿಗೆ ಮಗು ಆಯ್ತು" ಅಂದ. "ತಂದು ನನ್ನ ಕೈಗೆ ಕೊಟ್ಟರು. ತಗೊಳ್ಳೋಕೆ ಆಗಲಿಲ್ಲ. ನಾನು ಮುಟ್ಟಿದ್ದಕ್ಕೆ ಏನಾಗುತ್ತೋ ಅನ್ನಿಸುತ್ತೆ ಈಗ. ನಿಮ್ಮ ಮನೆ ತುಂಬ ಮರಿಗಳು. ಹ್ಯಾಗೆ ಬರಲಿ?"

"ನಾನಿರ್ತೀನಲ್ಲ."

"ನಿಮ್ಮನ್ನೂ ಸೇರಿಸಿಯೇ ಹೇಳಿದ್ದು." ಅವನು ನಗಲು ನೋಡಿದ. "ಒಳ್ಳೇದು ಬಯಸಿದರೆ ದೂರ ಇರಬೇಕು ಅಂತ ನೀವೇ ಅಂತಿದ್ರಿ. ಆಗ ಅರ್ಥ ಆಗಿರಲಿಲ್ಲ. ಈಗ ದೂರ ಇರೋದು ಚೆನ್ನಾಗಿ ಬಂದಿದೆ ನನಗೆ."

ಅವಳು ಕೈ ಚಾಚಿದಳು. "ಒಂದು ಸಲ. ಇಲ್ಲೇ. ಆಮೇಲೆ ನಿಮ್ಮಿಷ್ಟ."

ಅವನು ಆ ಕೈಯನ್ನು ಬಹಳ ಹೊತ್ತು ನೋಡಿದ. ಆ ನೋಟದಲ್ಲೇ ಎಲ್ಲ ಇತ್ತು. ತನ್ನನ್ನು ಯಾರಾದರೂ ಇಷ್ಟು ಪ್ರೀತಿಸಿಯಾರೆಂದು ಅವಳೆಂದೂ ಅಂದುಕೊಂಡಿರಲಿಲ್ಲ. ಆಮೇಲೆ ಅವನು ತನ್ನ ಎರಡೂ ಕೈಗಳನ್ನು ಯೂನಿಫಾರಮ್ಮಿನ ಜೇಬಿಗೆ ಇಳಿಬಿಟ್ಟ.

"ಹುಷಾರಾಗಿ ಇಳೀರಿ" ಅಂದ.

ಅವಳು ಮೆಟ್ಟಿಲಿಳಿದು ಬೀದಿಗೆ ಬಂದಳು. ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತದ್ದೇ ತಡ, ಎದೆಯೊಳಗಿಂದ ಅಳು ಒತ್ತರಿಸಿಕೊಂಡು ಬಂತು. ಹಾಡಹಗಲು, ಜನ ನೋಡುತ್ತಿದ್ದರೂ, ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ಕೂತಿದ್ದ ಗುರುತಿಲ್ಲದ ಹೆಂಗಸು ಬೆನ್ನು ಸವರಿದಳು.

"ಏನಾಯ್ತಮ್ಮಾ?"

"ನರಿಮರಿ ಸತ್ತೋಯ್ತು."

ಹೆಂಗಸು ತರಕಾರಿ ಚೀಲ ಕೆಳಗಿಟ್ಟಳು. "ನೀವೇ ಸಾಕಿದ್ದಾ?" ಅಂದಳು.

"ಇಬ್ಬರೂ ಸೇರಿ ಸಾಕಿದ್ವಿ" ಅಂದಳು ಮರಿಯಕ್ಕ.