ಕಡಲ್ಗಳ್ಳರ ಹಡಗು ಕಟ್ಟಿದ ಸೊಸೆ

"ತಟ್ಟೆ ತೊಳೆಯೋಕೆ ಆಗದ ಕೈಗೆ ಹಡಗು ಕಟ್ಟೋಕೆ ಮಾತ್ರ ಆಗುತ್ತಾ?"

ಅತ್ತೆ ಈ ಮಾತನ್ನು ಕೂಗಿ ಹೇಳಲಿಲ್ಲ. ಕೂಗಿದ್ದರೆ ಸೊಸೆಗೆ ಅಷ್ಟು ನೋವಾಗುತ್ತಿರಲಿಲ್ಲವೇನೋ. ಊಟದ ತಟ್ಟೆಗಳನ್ನು ಎದೆಗವಚಿಕೊಂಡು ಮೇಜಿನ ಪಕ್ಕ ನಿಂತು, ಹವಾಮಾನದ ಸುದ್ದಿ ಹೇಳುವಷ್ಟು ತಣ್ಣಗೆ ಹೇಳಿದರು. ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಬೆರಳಗಲದ ಮರದ ಪಟ್ಟಿಗಳು, ಅಂಟಿನ ಸೀಸೆ, ಚಿಮಟ, ಉಪ್ಪು ಕಾಗದದ ಚೂರುಗಳು, ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಇವೆಲ್ಲದರ ನಡುವೆ, ಮೀನಿನ ಮುಳ್ಳಿನಂತೆ ಪಕ್ಕೆಲುಬು ಬಿಟ್ಟುಕೊಂಡು, ಅರ್ಧ ಕಟ್ಟಿದ ಒಂದು ಹಡಗು.

"ಅಂಟು ಹಿಡಿಯೋವರೆಗೆ ಕೈ ತೆಗೆಯೋಕಾಗಲ್ಲ ಅತ್ತೆ. ಆ ತುದಿಯಲ್ಲಿ ಊಟ ಮಾಡೋಣ."

"ಚೆನ್ನಾಯ್ತು. ಊಟ ಮೂಲೆಗೆ ಹೋಯ್ತು, ಆಟ ನಡುಮನೆಗೆ ಬಂತು. ಅದೂ ಎಂಥಾ ಹಡಗು? ಕಳ್ಳರದ್ದು. ಇರೋ ಒಂದು ಮನೆಗೆ ಕಳ್ಳರನ್ನ ಕೈಯಾರೆ ಕರ್ಕೊಂಡು ಬಂದಿದ್ದಾಳೆ."

ಬಸ್ಸಿನ ಡ್ಯೂಟಿ ಮುಗಿಸಿ ಬಂದಿದ್ದ ಗಂಡ ಮುಖ ತೊಳೆಯುತ್ತಿದ್ದ. ಎಲ್ಲವೂ ಕೇಳಿಸಿತ್ತು. ಆದರೂ ನಲ್ಲಿಯನ್ನು ಇನ್ನಷ್ಟು ತಿರುಗಿಸಿ ನೀರಿನ ಸದ್ದು ಜೋರು ಮಾಡಿಕೊಂಡ. ದಿನವಿಡೀ ಇಡೀ ಊರಿನ ಗಲಾಟೆಯನ್ನು ಬೆನ್ನ ಹಿಂದೆ ಕೂರಿಸಿಕೊಂಡು ಬಸ್ಸು ಓಡಿಸುವ ಆ ಮನುಷ್ಯನಿಗೆ ತಾಯಿ ಮತ್ತು ಹೆಂಡತಿಯ ನಡುವಿನ ನಾಲ್ಕು ಹೆಜ್ಜೆ ದಾಟುವುದು ಮಾತ್ರ ಎಂದೂ ಸಾಧ್ಯವಾಗಿರಲಿಲ್ಲ.

ಸೊಸೆ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದವಳು. ದಾರ ಮತ್ತು ಕಾಗದವೇ ಅವಳ ಬದುಕು. ದಪ್ಪ ನಿಘಂಟುಗಳಿಗೆ ಬೆನ್ನು ಕಟ್ಟುವ ಕೆಲಸ ಬಂದರೆ ಮಾಲೀಕರು ಬೇರೆ ಯಾರನ್ನೂ ಕರೆಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಸೂಜಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದಳು, ಕೈ ಬಗ್ಗಲಿಲ್ಲ. ನೆಲಕ್ಕೆ ಬಿದ್ದಾಗ ತುಟಿಯೂ ಒಂದು ಕಡೆ ಜಾರಿತ್ತು. ಲಕ್ವ ಹೊಡೆದಿದೆ ಎಂದರು ಡಾಕ್ಟರು. ಮಾತು ಮರಳಿತು, ಕಾಲೂ ಬಹುಮಟ್ಟಿಗೆ ಮರಳಿತು. ಬಲಗೈ ಮಾತ್ರ ಹೆಬ್ಬೆರಳೊಂದನ್ನು ಬಿಟ್ಟುಕೊಟ್ಟು ಉಳಿದದ್ದನ್ನು ಮುಷ್ಟಿಯೊಳಗೇ ಹಿಡಿದಿಟ್ಟುಕೊಂಡಿತು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಅವಳ ಕೈಗೆ ರಬ್ಬರ್ ಚೆಂಡು ಕೊಟ್ಟಳು, ಆಮೇಲೆ ಬಣ್ಣದ ಗುಂಡಿಗಳ ಡಬ್ಬಿ. ಕೆಂಪು ಗುಂಡಿಯನ್ನು ಕೆಂಪು ತೂತಿಗೆ ಹಾಕಿದಾಗ ಆ ಹುಡುಗಿ "ಜಾಣೆ" ಎಂದು ಚಪ್ಪಾಳೆ ತಟ್ಟಿದಳು. ಒಳ್ಳೆಯ ಹುಡುಗಿಯೇ. ಆದರೆ ಆ ಚಪ್ಪಾಳೆ ಕೆನ್ನೆಯ ಮೇಲೆ ಬಿದ್ದಂತಾಯಿತು ಅವಳಿಗೆ. ಬಸ್ಸಿಗೆ ಕಾಯುತ್ತಾ ನಿಂತಾಗ ಎದುರಿನ ಆಟಿಕೆ ಅಂಗಡಿಯ ಗಾಜಿನ ಹಿಂದೆ, ಬಿಡಿಭಾಗ ಜೋಡಿಸಿ ಹಡಗು ಕಟ್ಟುವ ಒಂದು ಡಬ್ಬ ಕಂಡಿತು. ಮೇಲೆ ಚಿತ್ರ: ಅಲೆ ಸೀಳಿಕೊಂಡು ಬರುತ್ತಿರುವ ಕಡಲ್ಗಳ್ಳರ ಹಡಗು, ಪಕ್ಕೆಯಲ್ಲಿ ಸಾಲಾಗಿ ಫಿರಂಗಿ, ಜೇಡರ ಬಲೆಯಷ್ಟು ಒತ್ತಾಗಿ ಹಗ್ಗ.

"ಇದು ಬಹಳ ಕಷ್ಟದ್ದು ಅಮ್ಮ," ಎಂದ ಅಂಗಡಿಯವನು, ಅವಳ ಮಡಿಚಿದ ಕೈ ನೋಡಿ. "ಎರಡೂ ಕೈ ನೆಟ್ಟಗಿರೋರೇ ಅರ್ಧಕ್ಕೆ ಬಿಟ್ಟು ವಾಪಸ್ ತಂದುಕೊಡ್ತಾರೆ. ಮಕ್ಕಳಿಗಾದ್ರೆ ಪ್ಲಾಸ್ಟಿಕ್ಕಿಂದು ಇದೆ."

"ಮಕ್ಕಳಿಗಲ್ಲ. ನನಗೆ. ಕಷ್ಟದ್ದನ್ನೇ ಕೊಡಿ."

ಅವಳಿಗೆ ಮಕ್ಕಳಿರಲಿಲ್ಲ. ಅದನ್ನೂ ಅತ್ತೆ ಆಗಾಗ ಎತ್ತಿ ಆಡುತ್ತಿದ್ದರು. ಈಗ ಕೈಯೂ ಹೋಯಿತು, ಕೆಲಸವೂ ಹೋಯಿತು. ಅತ್ತೆಯ ಲೆಕ್ಕದಲ್ಲಿ ಅವಳಿಂದ ಮನೆಗೆ ಇನ್ನು ಆಗಬೇಕಾದದ್ದು ಏನೂ ಉಳಿದಿರಲಿಲ್ಲ.

ಹಡಗು ಸುಲಭಕ್ಕೆ ಮಣಿಯಲಿಲ್ಲ. ಮರದ ಪಟ್ಟಿಯನ್ನು ಬಿಸಿ ನೀರಿನಲ್ಲಿ ನೆನೆಸಬೇಕು, ಮೆತ್ತಗಾದ ಮೇಲೆ ಬಾಟಲಿಗೆ ಸುತ್ತಿ ಬಾಗಿಸಬೇಕು, ಪಕ್ಕೆಲುಬಿಗೆ ಅಂಟಿಸಿ ಕ್ಲಿಪ್ಪು ಹಾಕಬೇಕು. ಅವಸರ ಮಾಡಿದರೆ ಲಟಕ್ಕನೆ ಮುರಿಯುತ್ತಿತ್ತು. ಎಡಗೈ ಕೆಲಸ ಮಾಡುವಾಗ ಬಲಗೈಯನ್ನು ಅವಳು ಸುಮ್ಮನೆ ಬಿಡಲಿಲ್ಲ. ಭಾರಕ್ಕಾದರೂ ಇರಲಿ ಎಂದು ಪಟ್ಟಿಯ ಮೇಲೆ ಒತ್ತಿ ಇಡುತ್ತಿದ್ದಳು. "ದಂಡಪಿಂಡವೇ, ಕೂತು ತಿನ್ನಬೇಡ, ಇದನ್ನಾದರೂ ಹಿಡಿ," ಎಂದು ಕೈಯನ್ನೇ ಗದರುತ್ತಿದ್ದಳು. ಹೀಗೆ ಗದರಿಸಿಕೊಳ್ಳುತ್ತಲೇ ಒಂದು ಮಧ್ಯಾಹ್ನ ತೋರುಬೆರಳು ಹೆಬ್ಬೆರಳಿನ ಕಡೆಗೆ ಬಂದು ಪಟ್ಟಿಯ ತುದಿಯನ್ನು ಹಿಡಿಯಿತು. ಸಡಿಲವಾದ ಹಿಡಿತ... ಆದರೂ ಹಿಡಿತ. ಯಾರನ್ನೂ ಕೂಗಿ ಕರೆಯಲಿಲ್ಲ ಅವಳು. ಕಣ್ಣೀರು ಮರದ ಮೇಲೆ ಬೀಳದಂತೆ ತಲೆ ಹಿಂದಕ್ಕೆ ಮಾಡಿ ಬಹಳ ಹೊತ್ತು ಸೂರು ನೋಡುತ್ತಾ ಕುಳಿತಳು.

ಹಡಗಿನ ಹೊಟ್ಟೆ ತುಂಬಿ, ಇನ್ನು ಮೇಲಿನ ಅಟ್ಟ, ಅಂದರೆ ಡೆಕ್ಕು, ಹಾಸಬೇಕು ಎಂಬ ಹಂತಕ್ಕೆ ಬಂದಾಗ ಅಟ್ಟದ ಪಟ್ಟಿಗಳ ಕಟ್ಟು ಕಾಣೆಯಾಯಿತು. ಡಬ್ಬದಲ್ಲಿ, ಮೇಜಿನ ಕೆಳಗೆ, ಕಪಾಟಿನ ಹಿಂದೆ, ಎಲ್ಲೂ ಇಲ್ಲ. ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ಕಡ್ಡಿ ಕಟ್ಟು ತಾನೆ? ಬೆಳಿಗ್ಗೆ ಕಸದ ಗಾಡಿ ಬಂದಿತ್ತು. ಹಾಕ್ಬಿಟ್ಟೆ."

ಅವಳು ಅಡುಗೆಮನೆಯತ್ತ ಹೆಜ್ಜೆ ಇಡುವ ಮೊದಲೇ ಬಾಗಿಲು ತಟ್ಟಿದ ಸದ್ದಾಯಿತು. ನಿಂತಿದ್ದವನು ಅವಳ ಅಣ್ಣ. ಹೇಳದೆ ಕೇಳದೆ ಬರುವವನಲ್ಲ. ಬೂಟು ಬಿಚ್ಚದೆ ಹೊಸ್ತಿಲಲ್ಲೇ ನಿಂತು ತಂಗಿಯ ಮುಖವನ್ನೂ ನೆಲವನ್ನೂ ಬದಲಿಸಿ ಬದಲಿಸಿ ನೋಡಿದ.

"ರೆಡಿ ಆದ್ಯಾ ಪುಟ್ಟಿ?"

"ಯಾಕೆ? ಎಲ್ಲಿಗೆ?"

ಅಣ್ಣ ಭಾವನ ಕಡೆ ತಿರುಗಿದ. ಅಂದು ರಜೆಯಿದ್ದ ಗಂಡ ಗೋಡೆಗೆ ಒರಗಿ ಉಗುರು ನೋಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಅತ್ತೆ ಒಳಕೋಣೆಯಿಂದ ಒಂದು ಮರದ ಪೆಟ್ಟಿಗೆಯನ್ನು ದರದರ ಎಳೆದು ತಂದರು. ಮದುವೆಯಾಗಿ ಈ ಮನೆಗೆ ಬರುವಾಗ ಅವಳೇ ತಂದದ್ದು ಅದು. ಮುಚ್ಚಳ ತೆರೆದೇ ಇತ್ತು. ಒಳಗೆ ಅವಳ ಬಟ್ಟೆಗಳು, ಅವಳ ಔಷಧಿ, ಅವಳ ಬಾಚಣಿಗೆ... ಎಲ್ಲವನ್ನೂ ಒಪ್ಪವಾಗಿ ಮಡಿಸಿ ಜೋಡಿಸಲಾಗಿತ್ತು.

"ಕೈ ಸರಿಹೋಗೋವರೆಗೆ ಅಣ್ಣನ ಮನೆಯಲ್ಲಿರು," ಎಂದರು ಅತ್ತೆ. "ನಾವೆಲ್ಲ ಮಾತಾಡಿಕೊಂಡಿದ್ದೀವಿ."

"ನಾವೆಲ್ಲ ಅಂದರೆ?" ಅವಳು ಗಂಡನತ್ತ ತಿರುಗಿದಳು. "ರೀ, ನಿಮಗೂ ಗೊತ್ತಿತ್ತಾ?"

ಅವನು ಇನ್ನೊಂದು ಕೈಯ ಉಗುರು ನೋಡತೊಡಗಿದ. ಅಡಗಿಕೊಳ್ಳಲು ಇಲ್ಲಿ ನಲ್ಲಿಯೂ ಇರಲಿಲ್ಲ.

"ನನ್ನನ್ನು ಕೇಳಬೇಕು ಅಂತ ಒಬ್ಬರಿಗೂ ಅನ್ನಿಸಲಿಲ್ಲವಾ? ಲಕ್ವ ಇನ್ನೂ ಹಿಡಿದಿರೋದು ಕೈಯನ್ನ. ಬಾಯನ್ನಲ್ಲ."

ಅತ್ತೆಯ ಮುಖ ಬಿಗಿಯಿತು. ಇಷ್ಟು ದಿನ ತಣ್ಣಗಿದ್ದ ದನಿ ಈಗ ಒಮ್ಮೆಗೇ ಒಡೆಯಿತು. "ನಿನಗೇನು ಗೊತ್ತು? ಇವನ ಅಪ್ಪ ಹೀಗೇ ಬಿದ್ದರು. ಸಾಯೋವರೆಗೂ ಎದ್ದೇಳಲಿಲ್ಲ. ತುತ್ತು ಇಟ್ಟವಳು ನಾನು, ಬಳಿದವಳು ನಾನು, ಮಗ್ಗುಲು ಬದಲಿಸಿದವಳು ನಾನು. ನನ್ನ ಆಯಸ್ಸೆಲ್ಲ ಒಂದು ಮಂಚದ ಸುತ್ತ ಸವೆದುಹೋಯ್ತು. ಕನ್ನಡಿ ನೋಡ್ಕೊಳ್ಳೋಕೂ ಪುರುಸೊತ್ತಿರಲಿಲ್ಲ ನನಗೆ... ಈಗ ನನ್ನ ಮಗ ಅದೇ ಮಂಚ ಕಾಯಬೇಕಾ? ನಾನು ಕಣ್ಣಾರೆ ನೋಡಬೇಕಾ? ಆಗಲ್ಲ. ನನ್ನ ಕೈಲಿ ಆಗಲ್ಲ. ಕೆಟ್ಟವಳು ಅನ್ನು, ಅನ್ನಿಸ್ಕೋತೀನಿ."

ಇಷ್ಟು ವರ್ಷ ಜೊತೆಗಿದ್ದರೂ ಈ ಮಾತು ಸೊಸೆಯ ಕಿವಿಗೆ ಬಿದ್ದಿರಲಿಲ್ಲ. ಮಾವನ ಕಾಯಿಲೆಯ ವಿಷಯ ಗೊತ್ತಿತ್ತು. ಅತ್ತೆಯ ಕನ್ನಡಿಯ ವಿಷಯ ಗೊತ್ತಿರಲಿಲ್ಲ. ಅವಳೊಳಗಿನ ಸಿಟ್ಟಿನ ಪಕ್ಕದಲ್ಲೇ ಮತ್ತೇನೋ ಬಂದು ಕುಳಿತಂತಾಯಿತು. ಆದರೆ ಸಿಟ್ಟು ಎದ್ದು ಜಾಗ ಬಿಡಲಿಲ್ಲ.

"ನಿಮ್ಮ ಕಷ್ಟ ದೊಡ್ಡದು ಅತ್ತೆ. ಅದಕ್ಕೆ ನಾನು ಕೈ ಮುಗಿಯಬೇಕು, ಅದಕ್ಕೂ ಎರಡು ಕೈ ಕೂಡಲ್ಲ," ಎಂದಳು. "ಆದರೆ ನಾನು ಮಂಚದ ಮೇಲಿಲ್ಲ. ಕಾಲ ಮೇಲೆ ನಿಂತಿದ್ದೀನಿ. ನಿಮ್ಮ ಭಯಕ್ಕೆ ನನ್ನನ್ನು ಯಾಕೆ ಹೊರಗೆ ಹಾಕ್ತೀರಿ?"

"ಬಾ ಪುಟ್ಟಿ," ಎಂದ ಅಣ್ಣ ಮೆಲ್ಲಗೆ. "ಬೇಡ ಅಂದವರ ಮನೆಯಲ್ಲಿ ಯಾಕಿರ್ತೀಯ? ನಮ್ಮ ಮನೇಲಿ ನಿನಗೆ ಕೆಲಸಾನೇ ಕೊಡಲ್ಲ. ಸುಮ್ಮನೆ ಕೂತಿರು."

"ಅದೇ ಬೇಡ ಅಣ್ಣ. ಇವರು ಕೂತಿದ್ದೀಯ ಅಂತ ಕಳಿಸ್ತಾರೆ, ನೀನು ಕೂತಿರು ಅಂತ ಕರೀತೀಯ."

ಅವಳು ಪೆಟ್ಟಿಗೆಯ ಮುಂದೆ ಮಂಡಿಯೂರಿದಳು. ಒಂದೊಂದೇ ಬಟ್ಟೆಯನ್ನು ಎಡಗೈಯಿಂದ ತೆಗೆದು ಕುರ್ಚಿಯ ಮೇಲೆ ಇಟ್ಟಳು. ಯಾರೂ ತಡೆಯಲಿಲ್ಲ, ಯಾರೂ ಸಹಾಯಕ್ಕೂ ಬರಲಿಲ್ಲ. ಖಾಲಿಯಾದ ಮೇಲೆ ಮುಚ್ಚಳವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದಳು. ಹಳೆಯ ಮರ, ಗಂಟಿಲ್ಲದ ನೇರ ಎಳೆ.

"ರೀ, ಗರಗಸ ತನ್ನಿ."

"ಏನಕ್ಕೆ?" ಗಂಡನ ಬಾಯಿಂದ ಅಂದು ಬಂದ ಮೊದಲ ಮಾತು ಅದು.

"ನನ್ನ ಹಡಗಿಗೆ ಅಟ್ಟ ಬೇಕು. ಇದ್ದ ಮರ ಕಸದ ಗಾಡೀಲಿ ಹೋಗಿದೆ. ಈ ಪೆಟ್ಟಿಗೆ ಕುಯ್ದು ಪಟ್ಟಿ ಮಾಡಿಕೊಡಿ."

"ಅದು ನಿನ್ನ ಅಮ್ಮನ ಮನೆ ಪೆಟ್ಟಿಗೆ..."

"ಹೌದು. ನನ್ನದು. ಇದರಲ್ಲಿ ತುಂಬಿಸಿಕೊಂಡು ಬಂದೆ, ಇದರಲ್ಲೇ ತುಂಬಿಸಿ ಕಳಿಸೋಕೆ ನೋಡ್ತಿದ್ದೀರಿ. ಪೆಟ್ಟಿಗೇನೇ ಇಲ್ಲದಿದ್ದರೆ ಆ ಯೋಚನೆ ಯಾರಿಗೂ ಬರಲ್ಲ. ನನ್ನ ಕೈಲಿ ಗರಗಸ ಹಿಡಿಯೋಕಾಗಲ್ಲ, ಆಗಿದ್ದರೆ ನಿಮ್ಮನ್ನ ಕೇಳ್ತಿರಲಿಲ್ಲ. ಕುಯ್ಯಿರಿ. ಇಲ್ಲಾಂದ್ರೆ ಈಗಲೇ, ಎಲ್ಲರ ಎದುರಿಗೆ, ನೀನು ಹೋಗು ಅಂತ ನೀವೇ ಬಾಯಿಬಿಟ್ಟು ಹೇಳಿ. ಅಮ್ಮನ ಬಾಯಲ್ಲಿ ಹೇಳಿಸಬೇಡಿ."

ಅವನು ತಾಯಿಯನ್ನು ನೋಡಿದ. ತಾಯಿ ತಲೆಯಲ್ಲಾಡಿಸಿದರು, ಬೇಡ ಎಂದು. ಹೆಂಡತಿಯನ್ನು ನೋಡಿದ. ಅವಳು ಮುಚ್ಚಳದ ಮೇಲಿಂದ ಕೈ ತೆಗೆಯದೆ ಅವನನ್ನೇ ನೋಡುತ್ತಿದ್ದಳು. ಅವನು ಹಿತ್ತಲಿಗೆ ಹೋದ. ಬಹಳ ಹೊತ್ತಾದರೂ ಬರಲಿಲ್ಲ. ಓಡಿಹೋದನೇನೋ ಎಂದೇ ಅಣ್ಣ ಅಂದುಕೊಂಡ. ಬಂದಾಗ ಕೈಯಲ್ಲಿ ತುಕ್ಕು ಹಿಡಿದ ಗರಗಸವಿತ್ತು. ಕಣ್ಣು ಕೆಂಪಾಗಿತ್ತು. ಮುಚ್ಚಳದ ಮೇಲೆ ಮೊಣಕಾಲೂರಿ, "ಅಮ್ಮ, ಸ್ವಲ್ಪ ಆ ಕಡೆ ಸರಿ, ಹೊಟ್ಟು ಹಾರುತ್ತೆ," ಎಂದ.

ಅವನು ಅಮ್ಮನಿಗೆ ಎದುರಾಡಿದ ಮೊದಲ ಮಾತು ಅಷ್ಟೇ. ಅಷ್ಟೇ ಸಾಕಾಯಿತು. ಮೊದಲ ಎಳೆತಕ್ಕೆ ಮರ ಕಿರುಗುಟ್ಟಿದಾಗ ಅತ್ತೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಣ್ಣ ಒಂದು ಲೋಟ ನೀರು ಕುಡಿದು ಹೊರಟ. ಮೆಟ್ಟಿಲು ಇಳಿಯುವಾಗ, "ಚಿಕ್ಕವಳಿದ್ದಾಗಲೂ ಹೀಗೇ ಇದ್ದೆ, ಹಿಡಿದರೆ ಉಡ," ಎಂದು ನಗಲು ಹೋಗಿ ಅತ್ತುಬಿಟ್ಟ.

ಕುಯ್ದ ಹಲಗೆಗಳನ್ನು ಗಂಡ ಬೀದಿ ಕೊನೆಯ ಬಡಗಿಯ ಹತ್ತಿರ ಒಯ್ದು ಎಳೆಎಳೆಯಾಗಿ ಸೀಳಿಸಿ ತಂದ. ಡಬ್ಬದ ಮರಕ್ಕಿಂತ ಅದು ಕಪ್ಪಗಿತ್ತು. ಹಡಗಿನ ಮೈ ಒಂದು ಬಣ್ಣ, ಅಟ್ಟ ಒಂದು ಬಣ್ಣವಾಯಿತು. ಅವಳಿಗೆ ಅದೇ ಚಂದ ಕಂಡಿತು. ರಜೆಯ ದಿನಗಳಲ್ಲಿ ಅವನು ಎದುರು ಕುಳಿತು ಉಪ್ಪು ಕಾಗದ ಉಜ್ಜುತ್ತಿದ್ದ. ಒಂದು ದಿನ ತಲೆಯೆತ್ತದೆ, "ನಿನ್ನ ಕಳಿಸೋ ಮಾತು ಬಂದ ದಿನವೇ ನಾನು ಬೇಡ ಅನ್ನಬೇಕಿತ್ತು," ಎಂದ. "ಅನ್ನಬೇಕಿತ್ತು," ಎಂದಳು ಅವಳು. ಪರವಾಗಿಲ್ಲ ಬಿಡಿ ಎಂದು ಸಮಾಧಾನ ಹೇಳಲಿಲ್ಲ. ಅವನೂ ಕೇಳಲಿಲ್ಲ. ಉಜ್ಜುತ್ತಾ ಹೋದ.

ಅತ್ತೆ ಮಾತು ಬಿಟ್ಟಿದ್ದರು. ಮೇಜಿನ ತುದಿಯಲ್ಲಿ ತಟ್ಟೆ ಇಟ್ಟು, ಉಂಡು, ಎದ್ದು ಹೋಗುತ್ತಿದ್ದರು. ಸೊಸೆ ಒಂದೇ ಕೈಯಲ್ಲಿ ತಟ್ಟೆ ತೊಳೆಯುವುದನ್ನು ಕಲಿತಳು. ಒಡೆದವು ಕೆಲವು. ಒಡೆದದ್ದನ್ನು ಗುಡಿಸುವುದನ್ನೂ ಕಲಿತಳು.

ಹಾಯಿಕಂಬಗಳು ನಿಂತು, ಹಗ್ಗ ಬಿಗಿಯುವ ಕೆಲಸ ಬಂತು. ದಾರದ ವಿದ್ಯೆ ಅವಳದೇ. ಆದರೆ ಒಂದು ತುದಿಯನ್ನು ಎಳೆದು ಹಿಡಿದು ಇನ್ನೊಂದಕ್ಕೆ ಗಂಟು ಹಾಕಬೇಕು. ಬಲಗೈ ಎಳೆತಕ್ಕೆ ನಿಲ್ಲುತ್ತಿರಲಿಲ್ಲ. ಹಲ್ಲಿನಲ್ಲಿ ಕಚ್ಚಿ ನೋಡಿದಳು, ಜಾರಿತು. ಮತ್ತೆ ಕಚ್ಚಿದಳು, ಮತ್ತೆ ಜಾರಿತು. ಗಂಡ ಡ್ಯೂಟಿಗೆ ಹೋಗಿದ್ದ. ಆಗ ಅವಳ ಭುಜದ ಮೇಲಿಂದ ಒಂದು ಸುಕ್ಕುಗಟ್ಟಿದ ಕೈ ಬಂದು ದಾರದ ತುದಿಯನ್ನು ಹಿಡಿಯಿತು.

"ಹಿಡ್ಕೊಳ್ಳಿ ಅಂತ ಕೇಳೋಕೆ ಬಾಯಿಲ್ವಾ?"

"ಕೇಳಿದ್ದರೆ ಹಿಡೀತಿದ್ರಾ?"

"ಇಲ್ಲ," ಎಂದರು ಅತ್ತೆ. ದಾರ ಬಿಡಲಿಲ್ಲ.

ಇಬ್ಬರೂ ಒಂದು ಹಗ್ಗ ಕಟ್ಟಿದರು, ಆಮೇಲೆ ಇನ್ನೊಂದು. ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಅತ್ತೆಗೆ ಹೇಳಿಕೊಡಬೇಕಾಗಲಿಲ್ಲ. ಬಿಸಿಲು ಮೇಜಿನಿಂದ ಗೋಡೆಗೆ ಸರಿದ ಮೇಲೆ ಅತ್ತೆಯೇ ಬಾಯಿಬಿಟ್ಟರು.

"ಈ ಕಳ್ಳರಿಗೆಲ್ಲ ಮನೆ ಮಠ ಇರಲಿಲ್ವಾ? ತಾಯಿ, ಅತ್ತೆ ಅಂತ ಯಾರೂ ಇರಲಿಲ್ವಾ?"

"ಇದ್ದರು ಅತ್ತೆ. ಅದಕ್ಕೇ ಹಡಗು ಹತ್ತಿದ್ದು."

ಅತ್ತೆಯ ಬಾಯಿಂದ ಏನೋ ಸದ್ದು ಹೊರಟಿತು. ನಗುವೋ ಕೆಮ್ಮೋ ಎಂದು ಸೊಸೆ ತಿರುಗಿ ನೋಡುವಷ್ಟರಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಎಲ್ಲ ಮುಗಿದು ಉಳಿದದ್ದು ಬಾವುಟ ಮಾತ್ರ. ಕಪ್ಪು ಬಟ್ಟೆಯ ಮೇಲೆ ಬಿಳಿ ತಲೆಬುರುಡೆ. ಅದನ್ನು ಕಂಡು ಅತ್ತೆ ಮುಖ ಸಿಂಡರಿಸಿದರು. "ಇದೊಂದು ಬೇಡ. ಮನೆಯೊಳಗೆ ಬುರುಡೆ ಯಾಕೆ? ಬೇರೆ ಏನಾದರೂ ಹಾಕು. ಹೂವಿನದು ಹಾಕು."

"ಇದು ಕಳ್ಳರ ಹಡಗು ಅತ್ತೆ. ಈ ಬಾವುಟವೇ ಇರುತ್ತೆ."

"ನನ್ನ ಮಾತು ಅಂದ್ರೆ ಈ ಮನೇಲಿ ಕಾಲ ಕಸ ಆಗಿದೆ."

"ನಿಮ್ಮ ಮಾತು ಕೇಳಿಸಿಕೊಂಡೆ. ಬಾವುಟ ಇರುತ್ತೆ."

ಸೊಸೆ ಚಿಮಟವನ್ನು ಬದಿಗಿಟ್ಟು, ಬಲಗೈಯ ಎರಡು ಬೆರಳ ನಡುವೆ ಬಾವುಟದ ಅಂಚನ್ನು ಹಿಡಿದಳು. ಕೈ ಅಲುಗಿತು. ಕಂಬದ ತುದಿಯನ್ನು ತಪ್ಪಿಸಿಕೊಂಡು ಒಮ್ಮೆ ಆಚೆ ಹೋಯಿತು, ಒಮ್ಮೆ ಈಚೆ. ಅತ್ತೆ ಪಕ್ಕದಲ್ಲೇ ನಿಂತು ನೋಡುತ್ತಿದ್ದರು. ಈ ಸಲ ಅವರ ಕೈ ನೆರವಿಗೆ ಮುಂದೆ ಬರಲಿಲ್ಲ, ಬರಬಾರದೆಂದು ಅವರಿಗೂ ಗೊತ್ತಾಗಿತ್ತು. ಕೊನೆಗೆ ದಾರದ ಕುಣಿಕೆ ಕಂಬಕ್ಕೆ ಬಿತ್ತು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇರೋದೇ ಆದರೆ ನೆಟ್ಟಗಾದರೂ ಇರಲಿ," ಎಂದರು. "ವಾರೆಯಾಗಿದೆ. ಬಿಚ್ಚಿ ಕಟ್ಟು."

ಸೊಸೆ ಬಿಚ್ಚಿದಳು, ಮತ್ತೆ ಅದೇ ಕೈಯಿಂದ ಕಟ್ಟತೊಡಗಿದಳು. ಅತ್ತೆ ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತರು.